ಗ್ಲೆಬ್ ಮೊಖೋವ್‌ನ ಒಂಬತ್ತನೆಯ ಅಧ್ಯಾಯ

ಯಾದಗಿರಿ
6 ಅಕ್ಟೋಬರ್ 2024

ಚಿ. ಸೌ. ಕಸ್ತೂರಿಗೆ ಅಣ್ಣ ಪಂಪಣ್ಣನ ಆಶೀರ್ವಾದ.

ಈ ಕಟ್ಟನ್ನು ಕಂಡಕ್ಟರ್ ದೇವಿಂದ್ರನ ಕೈಯಲ್ಲಿ ಕಳಿಸಿದ್ದೇನೆ. ನಿಮ್ಮ ಹಗ್ಗದಂಗಡಿಯ ಕಟ್ಟೆಯ ಮೇಲೆ ಇಟ್ಟು ಹೋಗುತ್ತಾನೆ. ಫೋನ್ ಮಾಡೋಣವೆಂದರೆ ನಿನ್ನ ಯಜಮಾನ ಬಸವಕುಮಾರ ತೀರಿಹೋದಾಗಿನಿಂದ ನೀನು ಫೋನನ್ನೇ ಎತ್ತುವುದಿಲ್ಲ. ಇರಲಿ, ನಮ್ಮಿಬ್ಬರಿಗೆ ಪತ್ರವೇ ಸರಿ.

ನಾನು ಕಡೆಗೂ ಪುಸ್ತಕ ಬರೆಯುತ್ತಿದ್ದೇನೆ. ಗ್ಲೆಬ್ ಮೊಖೋವ್‌ನ ಜೀವನಚರಿತ್ರೆ. ಶಹಾಪುರದಲ್ಲಿ ನಾವು ಸಣ್ಣವರಿದ್ದಾಗ ವಾಚನಾಲಯಕ್ಕೆ ರಷ್ಯಾದ ಪತ್ರಿಕೆ ಬರುತ್ತಿತ್ತಲ್ಲ, ಅದರ ನುಣುಪು ಹಾಳೆಯನ್ನು ನಾವು ಶಾಲೆಯ ಪುಸ್ತಕಗಳಿಗೆ ಹೊದಿಸುತ್ತಿದ್ದೆವಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಇದ್ದವನೇ ಅವನು. ಮಂಜುಗಡ್ಡೆಯ ಮೇಲೆ ಉಕ್ಕಿನ ಅಲಗಿನ ಬೂಟು ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು, ಬಾಗಿ ಬರುತ್ತಿದ್ದವನು. ಸೋವಿಯತ್ ದೇಶದಲ್ಲಿ ಅವನಷ್ಟು ಹೆಸರಾದ ಐಸ್ ಹಾಕಿ ಆಟಗಾರರು ಕೆಲವರೇ. ನಾನು ಪಿ.ಟಿ. ಮಾಸ್ತರ ಆಗಿದ್ದು ಆ ಚಿತ್ರ ನೋಡಿ. ಯಾದಗಿರಿಯ ಹುಡುಗಿಯರಿಗೆ ಖೊಖೊ ಕಲಿಸುವಾಗಲೂ ನನ್ನ ಕಣ್ಣ ಮುಂದೆ ಇದ್ದವನು ಅವನೇ.

ಲಕವಾ ಹೊಡೆದ ಮೇಲೆ ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ. ಡಿ.ಟಿ.ಪಿ. ಅಂಗಡಿಯ ಅಂಜುಮ್ ನೋಡಿ, "ಸರ್, ಇದು ಕನ್ನಡಾನೋ, ಮೋಡಿ ಲಿಪಿನೋ?" ಎಂದಳು. ನಿನ್ನದು ಮುತ್ತಿನಂಥ ಅಕ್ಷರ. ಅಧ್ಯಾಯ ಅಧ್ಯಾಯವಾಗಿ ಕಳಿಸುತ್ತೇನೆ, ಸಾಫು ಮಾಡಿ ಕೊಡು. ಡಿಸೆಂಬರಿನಲ್ಲಿ ಬಿಡುಗಡೆ. ನಿನಗೂ ದುಃಖ ಮರೆಯಲು ಒಂದು ಕೆಲಸವಾಯಿತು.

ಮಗಳು ಭಾರತಿ ಹೇಗಿದ್ದಾಳೆ? ಬಿಡುಗಡೆಯ ದಿನ ಅವಳನ್ನು ವೇದಿಕೆಯ ಮೇಲೆ ಕೂರಿಸುವ ವಿಚಾರವಿದೆ.

ನಿನ್ನ ಅಣ್ಣ
ಪಂಪಣ್ಣ


ಸುರಪುರ
14 ಅಕ್ಟೋಬರ್ 2024

ಅಣ್ಣಾ, ಶರಣು.

ಕಟ್ಟು ಮುಟ್ಟಿತು. ನೀನು ಇನ್ನೂ ಚಿ. ಸೌ. ಎಂದು ಬರೆಯುತ್ತೀ. ಮುಂದೆ ಹಾಗೆ ಬರೆಯಬೇಡ. ಅತ್ತೆಗೆ ಓದು ಬರುವುದಿಲ್ಲವೆಂದು ಬಚಾವಾದೆ.

ಮೂರು ಅಧ್ಯಾಯ ಸಾಫು ಮಾಡಿದ್ದೇನೆ. ಬರೆದದ್ದನ್ನು ಮಧ್ಯಾಹ್ನ ಅತ್ತೆಗೆ ಓದಿ ಹೇಳುತ್ತೇನೆ. ಮಗ ಹೋದ ಮೇಲೆ ಸುಗಲಮ್ಮನವರು ಯಾವ ಮಾತಿಗೂ ಕಿವಿಗೊಟ್ಟಿರಲಿಲ್ಲ, ಇದಕ್ಕೆ ಕೊಟ್ಟರು. ಕಬ್ಬಿಣದ ಕಾರ್ಖಾನೆಯ ಕೂಲಿಯವನ ಮಗ, ಚಳಿಗೆ ಕಲ್ಲಾದ ಕೆರೆಯ ಮೇಲೆ ಅಪ್ಪನ ಹಳೆಯ ಬೂಟಿಗೆ ಹಗ್ಗದಿಂದ ಅಲಗು ಕಟ್ಟಿಕೊಂಡು ಆಡಲು ಕಲಿತ ಎಂಬಲ್ಲಿ ಅವರು ತಡೆದರು. "ಹಗ್ಗ ಯಾವುದಂತ? ಸೆಣಬಿಂದೋ, ಪುಂಡಿನಾರಿಂದೋ?" ಎಂದು ಕೇಳಿದರು. ನೀನು ಬರೆದಿಲ್ಲ, ಹಾಗಾಗಿ ನಾನು ಪುಂಡಿನಾರು ಎಂದೆ. ಅವರಿಗೆ ಸಮಾಧಾನವಾಯಿತು. ಅಪ್ಪನೇ ಕೋಲನ್ನು ಹಬೆಯಲ್ಲಿ ಇಟ್ಟು ಬಗ್ಗಿಸಿ ಕೊಟ್ಟ ಎಂಬಲ್ಲಿ, "ಅಪ್ಪ ಚೊಲೊ ಇದ್ದ" ಎಂದರು. ಈಗ ಅವನು ನಮ್ಮ ಮನೆಯವನೇ ಆಗಿಬಿಟ್ಟಿದ್ದಾನೆ. "ರಷ್ಯಾದಾಂವ ಇವತ್ತ ಏನ್ ಮಾಡಿದ?" ಎಂದು ಊಟಕ್ಕೆ ಮೊದಲೇ ಕೇಳುತ್ತಾರೆ.

ಭಾರತಿಯ ವಿಷಯ ಕೇಳಿದ್ದೀ. ಇದ್ದಾಳೆ. ಕಾಲೇಜಿಗೆ ಹೋಗುತ್ತಾಳೆ, ಬಂದು ಅಂಗಡಿಯಲ್ಲಿ ಕೂರುತ್ತಾಳೆ. ನಾವಿಬ್ಬರೂ ಬೇಕಾದಷ್ಟೇ ಮಾತಾಡುತ್ತೇವೆ. ಅಣ್ಣಾ, ಸುಳ್ಳು ಹೇಳಲಾರೆ. ಅಂದು ಬೆಳಿಗ್ಗೆ ಅಂಗಡಿಯಲ್ಲೇ ಅವಳ ಅಪ್ಪ ಕುಸಿದು ಜೀವ ಬಿಟ್ಟಾಗ, ಮೊದಲು ನಿನಗೇ ಫೋನ್ ಮಾಡಿಸಿದ್ದೆ. ಕಲಬುರಗಿಯಲ್ಲಿ ನಿನ್ನ ತಂಡದ ಖೊಖೊ ಫೈನಲ್ ಇದ್ದದ್ದು ಮಧ್ಯಾಹ್ನದ ಮೇಲೆ. ಭಾರತಿ ಆಗಲೇ ಹೊರಟಿದ್ದರೆ ಮಣ್ಣಿಗೆ ಸಿಗುತ್ತಿದ್ದಳು. ಅವರನ್ನು ಕೂರಿಸಿ ಹೊತ್ತು ಇಳಿಯುವವರೆಗೆ ಕಾಯ್ದೆವು. ಅಯ್ಯನೋರು ಇನ್ನು ಆಗುವುದಿಲ್ಲ ಎಂದರು, ಮಣ್ಣು ಮಾಡಿದೆವು. ದೀಪ ಹಚ್ಚುವ ಹೊತ್ತಿಗೆ ಅವಳು ನಿನ್ನ ಜೀಪಿನಿಂದ ಇಳಿದಳು, ತಲೆ ತುಂಬ ಗುಲಾಲು. ಗೆದ್ದವರ ಮೇಲೆ ಎರಚುವ ಗುಲಾಲು. ಅಪ್ಪ ಹೋದದ್ದು ಗೊತ್ತಿದ್ದೂ ಆಡಿ, ಗುಲಾಲು ಹಾಕಿಸಿಕೊಂಡು ಬಂದಳಲ್ಲ. ಊರವರು ಇವತ್ತಿಗೂ ಅವಳನ್ನು ಗುಲಾಲದಾಕಿ ಎನ್ನುತ್ತಾರೆ, ಅತ್ತೆಯೂ ಎನ್ನುತ್ತಾರೆ. ನಾನು ಬಾಯಿಂದ ಅನ್ನುವುದಿಲ್ಲ. ಆದರೆ ಅವಳು ಬಡಿದ ರೊಟ್ಟಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹೆತ್ತ ಮಗಳ ಮೇಲೆ ಹೇಸಿಗೆ ಹುಟ್ಟಿದರೆ ತಾಯಿ ಯಾರಿಗೆ ಹೇಳಬೇಕು? ಅದಕ್ಕೇ ನಿನಗೆ ಬರೆದೆ.

ಮುಂದಿನ ಅಧ್ಯಾಯ ಕಳಿಸು.

ಕಸ್ತೂರಿ


ಯಾದಗಿರಿ
20 ಅಕ್ಟೋಬರ್ 2024

ತಂಗಿ ಕಸ್ತೂರಿಗೆ,

ಅಕ್ಷರ ನೋಡಿ ಕಣ್ಣು ತಣಿಯಿತು. ಅಂಜುಮ್ ಕೂಡ, "ಇವರನ್ನ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಸರ್?" ಎಂದಳು.

ನಾಲ್ಕರಿಂದ ಎಂಟರವರೆಗೆ ಕಳಿಸಿದ್ದೇನೆ. ಗ್ಲೆಬ್ ಸೈನ್ಯದ ತಂಡಕ್ಕೆ ಸೇರಿದ್ದು, ಅವನ ದೊಡ್ಡ ಕೋಚ್ ಅವನನ್ನು ತಿದ್ದಿದ್ದು, ಚಿನ್ನದ ಮೇಲೆ ಚಿನ್ನ ಗೆದ್ದದ್ದು ಎಲ್ಲ ಇದೆ. ಶಿಸ್ತು ಎಂದರೆ ಏನು ಎಂದು ನಮ್ಮ ಮಕ್ಕಳು ಇದನ್ನು ಓದಿ ಕಲಿಯಬೇಕು. ವರ್ಷದ ಬಹುಪಾಲು ಅವರು ಕಾಡಿನ ನಡುವಿನ ಶಿಬಿರದಲ್ಲೇ ಇರುತ್ತಿದ್ದರು. ಮದುವೆಯಾದವರೂ ಅಷ್ಟೇ. ಹೆಂಡತಿಯನ್ನು ನೋಡಬೇಕೆಂದರೆ ಕೋಚ್‌ನ ಅಪ್ಪಣೆ ಬೇಕು. ಹಾಗೆ ಇದ್ದುದರಿಂದಲೇ ಐದು ಜನ ಐದು ಬೆರಳಿನ ಹಾಗೆ ಆಡಿದರು.

ಭಾರತಿಯ ಮೇಲೆ ಸಿಟ್ಟು ಬೇಡ. ಆಟಗಾರರ ಮನಸ್ಸು ಬೇರೆ, ನಿಮ್ಮಂಥವರಿಗೆ ತಿಳಿಯುವುದಿಲ್ಲ. ಅವಳ ಮುಂದೆ ಆ ಮಾತು ಎತ್ತಬೇಡ. ಗಾಯ ತಾನೇ ಮಾಯಲಿ. ನೀನು ಬರವಣಿಗೆಯ ಕಡೆ ಲಕ್ಷ್ಯ ಕೊಡು.

ಪಂಪಣ್ಣ


ಸುರಪುರ
4 ನವೆಂಬರ್ 2024

ಅಣ್ಣಾ,

ಹಬ್ಬ ಮಾಡಲಿಲ್ಲ, ಹಾಗಾಗಿ ಬರೆಯಲು ಹೊತ್ತು ಸಿಕ್ಕಿತು. ಎಂಟರವರೆಗೆ ಮುಗಿದಿದೆ.

ನಿಜ ಹೇಳಲೇ? ಏಳನೆಯ ಅಧ್ಯಾಯ ಬರೆಯುವಾಗ ಕೈ ಹಿಂದೆ ಬಂತು. ಊಟ ತೂಗಿ ಹಾಕುವುದು, ನಿದ್ದೆಗೆ ಗಂಟೆ ಬಾರಿಸುವುದು, ಮಗು ಹುಟ್ಟಿದರೆ ಕಿಟಕಿಯ ಆಚೆಯಿಂದ ತೋರಿಸಿ ಕಳಿಸುವುದು. ಜಾತ್ರೆಯ ಪಣಕ್ಕೆ ಎತ್ತು ಮೇಯಿಸುವವರು ಹೀಗೆ ಮಾಡುತ್ತಾರೆ, ಆ ಎತ್ತಿಗಾದರೂ ಪಣ ಮುಗಿದ ಮೇಲೆ ಹೊಲಕ್ಕೆ ಹೋಗುವುದಿದೆ. ನೀನು ಪ್ರತಿಯೊಂದಕ್ಕೂ "ಎಂಥ ತ್ಯಾಗ" ಎಂದು ಬರೆದಿದ್ದೀ. ಯಾರ ತ್ಯಾಗ ಎಂದು ಬರೆದಿಲ್ಲ. ಅತ್ತೆ ಕೇಳಿ, "ಆ ಕೋಚಗ ಮನಿಮಾರು ಇಲ್ಲೇನು?" ಎಂದರು. ಇಂಥವನ ಪಟಕ್ಕೆ ನೀನು ಹಾರ ಹಾಕಿದ ಹಾಗೆ ಬರೆಯುತ್ತೀಯಲ್ಲ ಎಂದು ನನಗೆ ಒಂಥರಾ ಅಸಹ್ಯವಾಯಿತು. ತಪ್ಪು ತಿಳಿಯಬೇಡ. ಏಳನೆಯ ಇಯತ್ತೆ ಓದಿದವಳು ನಾನು, ನನಗೆ ತಿಳಿದದ್ದು ಇಷ್ಟೇ.

ಭಾರತಿಯ ಮುಂದೆ ನಾನು ಆ ಮಾತು ಎತ್ತಿಲ್ಲ. ಅವಳೂ ಎತ್ತಿಲ್ಲ. ಅಂದು ಜೀಪಿನಿಂದ ಇಳಿದವಳಿಂದ ನಾನು ಮುಖ ತಿರುಗಿಸಿದೆ, ಅದು ಹಾಗೇ ಉಳಿದಿದೆ.

ಕಸ್ತೂರಿ


ಯಾದಗಿರಿ
9 ನವೆಂಬರ್ 2024

ತಂಗಿ ಕಸ್ತೂರಿಗೆ,

ಎತ್ತಿನ ಹೋಲಿಕೆ ಓದಿ ನಕ್ಕೆ. ಒಂಬತ್ತನೆಯ ಅಧ್ಯಾಯ ಓದು, ನಿನ್ನ ಅಭಿಪ್ರಾಯ ಬದಲಾಗುತ್ತದೆ. "ತಂತಿ" ಎಂದು ಹೆಸರಿಟ್ಟಿದ್ದೇನೆ. ಇಡೀ ಪುಸ್ತಕದ ಪ್ರಾಣ ಅದು. ಬರೆಯುವಾಗ ನನಗೇ ಕಣ್ಣು ತುಂಬಿತು. ಬಿಡುಗಡೆಯ ದಿನ ಇದನ್ನೇ ಓದುವವನಿದ್ದೇನೆ, ಭಾರತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು.

ಪುರಭವನ ಗೊತ್ತಾಗಿದೆ, ಡಿಸೆಂಬರ್ 22. ಬೇಗ ಕಳಿಸು.

ಪಂಪಣ್ಣ


ಸುರಪುರ
17 ನವೆಂಬರ್ 2024

ಅಣ್ಣಾ,

ನಿನ್ನ ಒಂಬತ್ತನೆಯ ಅಧ್ಯಾಯ ನಮ್ಮ ಮನೆಯಲ್ಲಿ ಏನು ಮಾಡಿತು ಎಂದು ಬರೆಯುತ್ತೇನೆ. ಪೂರ್ತಿ ಓದು.

ಗುರುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಅತ್ತೆಗೆ ಓದುತ್ತಿದ್ದೆ. ಭಾರತಿಗೆ ಕಾಲೇಜು ಇರಲಿಲ್ಲ, ಆಚೆ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ನೀನು ಬರೆದದ್ದು ಹೀಗೆ: ಪರದೇಶದಲ್ಲಿ ದೊಡ್ಡ ಪಂದ್ಯ ನಡೆದಿದೆ. ಗ್ಲೆಬ್‌ನ ಅಪ್ಪ ಸತ್ತನೆಂದು ತಂತಿ ಬರುತ್ತದೆ. ಕೋಚ್ ಅದನ್ನು ಓದಿ ಮಡಚಿ ಕೋಟಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಾನೆ. ಗ್ಲೆಬ್ ಏನೂ ತಿಳಿಯದೆ ಆಡುತ್ತಾನೆ, ಗೆಲ್ಲುತ್ತಾನೆ. ಕೊರಳಿಗೆ ಚಿನ್ನ ಬಿದ್ದ ಮೇಲೆ ಕೋಚ್ ತಂತಿ ತೆಗೆದು ಕೊಡುತ್ತಾನೆ. ಅಷ್ಟರಲ್ಲಿ ಅಪ್ಪ ಮಣ್ಣಾಗಿ ಹೋಗಿದ್ದಾನೆ. ಗ್ಲೆಬ್ ಕಣ್ಣೀರು ಹಾಕಿ ಕೋಚ್‌ನ ಕೈ ಹಿಡಿದು, "ನೀವು ನನ್ನನ್ನು ಆಟಗಾರನನ್ನಾಗಿ ಉಳಿಸಿದಿರಿ" ಎನ್ನುತ್ತಾನೆ.

ಅತ್ತೆ, "ಆ ಕೋಚನ ಕೈ ಸೇದಿಹೋಗ್ಲಿ" ಎಂದರು. ಆಮೇಲೆ ಭಾರತಿಗೆ ಕೇಳುವ ಹಾಗೆ ಹೇಳಿದರು. "ಅಂವಗರೆ ಗೊತ್ತಿದ್ದಿಲ್ಲ, ಪಾಪ. ಗೊತ್ತಿದ್ದೂ ಆಡಿದವರು ನಮ್ಮ ಮನ್ಯಾಗೇ ಅದಾರ."

ಭಾರತಿ ಮೊರ ಕೆಳಗಿಟ್ಟಳು. ದನಿ ಏರಿಸಲಿಲ್ಲ.

"ನನಗೂ ಗೊತ್ತಿದ್ದಿಲ್ಲ, ಆಯಿ. ಹೇಳಬ್ಯಾಡ ಅಂದಾಕಿ ನಿನ್ನ ಬಾಜೂಕೇ ಕುಂತಾಳ ನೋಡು. ಇದನ್ನೂ ಚೆಂದಾಗಿ ಬರಿಯಾಕತ್ತಾಳ."

ನಾನು, ಯಾರು ಹೇಳಬೇಡ ಅಂದದ್ದು ಎಂದೆ.

"ನೀನೇ ಅಂದಿದ್ಯಂತ. ಗೆದ್ದ ಮ್ಯಾಲ ಜೀಪಿನ್ಯಾಗ ಕೂಡ್ಸಿಕೊಂಡು ಮಾಮ ಹೇಳಿದ. ನಿಮ್ಮಪ್ಪ ಮುಂಜಾನೆ ಹೋದ, ಆಟ ಮುಗಿಯೂತನ ಹುಡುಗಿಗಿ ಹೇಳಬ್ಯಾಡ ಅಂತ ನಿಮ್ಮವ್ವನೇ ಅಂದಾಳ ಅಂತ. ದಾರ್ಯಾಗ ಬಾಟ್ಲಿ ನೀರು ಹಾಕಿ ತಲಿ ತೊಳ್ಕೊಂಡೆ, ಹೋಗಲಿಲ್ಲ."

"ನಾ ಹಂಗ ಅಂದಿಲ್ಲ" ಎಂದೆ. "ಮುಂಜಾನೆನೇ ಫೋನ್ ಮಾಡಿಸೀನಿ. ಹೇಳೀನಿ, ಆದ್ರ ಆಕಿ ಆಡೇ ಬರ್ತೀನಿ ಅಂತಾಳ ಅಂದ ನಿಮ್ಮ ಮಾಮ."

ಆಮೇಲೆ ಅತ್ತೆ, "ಇಷ್ಟು ದಿನ ಬಾಯಿ ಯಾಕ ಬಿಡಲಿಲ್ಲ, ಹುಚ್ಚಿ?" ಎಂದರು.

"ಅವ್ವ ಮಾರಿ ತಿರುವಿದ್ಲು. ಮಾಡಿದ್ದಕ್ಕ ನಾಚಿಕಿ ಬಂದಿರಬೇಕು ಅಂತ ಬಿಟ್ಟೆ."

ಕೇಳಿದೆಯಾ, ಅಣ್ಣಾ? ನನ್ನ ನಾಚಿಕೆ ಎಂದು ಅವಳು ತಿಳಿದಳು. ಅವಳ ನಾಚಿಕೆ ಎಂದು ನಾನು ತಿಳಿದೆ. ಒಂದೇ ಒಲೆಯ ಮುಂದೆ ಕೂತು ಒಬ್ಬರಿಗೊಬ್ಬರು ಹೇಸಿದೆವು. ಅವಳು ಎಷ್ಟು ರೊಟ್ಟಿ ಬಡಿದಳೋ, ನಾನು ಎಷ್ಟನ್ನು ದನಕ್ಕೆ ಹಾಕಿದೆನೋ.

ನನಗೆ ಅಳು ಬರಲಿಲ್ಲ. ಬಚ್ಚಲಿಗೆ ಹೋಗಿ ಕಾರಿಕೊಂಡೆ. ಭಾರತಿ ಬಂದು ಹಣೆ ಹಿಡಿದಳು. ಎಷ್ಟೋ ತಿಂಗಳ ಮೇಲೆ ಅವಳ ಕೈ ನನ್ನನ್ನು ಮುಟ್ಟಿತು.

ಎರಡು ಮಾತು ಕೇಳುತ್ತೇನೆ, ಎರಡಕ್ಕೂ ನೇರ ಉತ್ತರ ಬರೆ. ನಮ್ಮಿಬ್ಬರಿಗೂ ನೀನು ಸುಳ್ಳು ಹೇಳಿದ್ದು ಹೌದೋ ಅಲ್ಲವೋ? ಆ ರಷ್ಯಾದವನು ನಿಜವಾಗಿ ಕೋಚ್‌ನ ಕೈ ಹಿಡಿದನೇ? ಎರಡನೆಯದು ಅತ್ತೆಯ ಪ್ರಶ್ನೆ. ಅವರು ನಂಬುತ್ತಿಲ್ಲ.

ಕಸ್ತೂರಿ


ಯಾದಗಿರಿ
22 ನವೆಂಬರ್ 2024

ಕಸ್ತೂರಿ,

ನೀನು ಗುಬ್ಬಿಯಂಥ ಮಾತನ್ನು ಆನೆ ಮಾಡಿದ್ದೀ. ಸಿಟ್ಟಿನಲ್ಲಿ ಬರೆದಿದ್ದೀ ಎಂದು ಮನಸ್ಸಿಗೆ ಹಚ್ಚಿಕೊಂಡಿಲ್ಲ.

ಸುಳ್ಳು ಎಂಬುದು ದೊಡ್ಡ ಶಬ್ದ. ಫೋನ್ ಬಂದಾಗ ಹುಡುಗಿಯರು ಬೆಳಗಿನ ಅಭ್ಯಾಸಕ್ಕೆ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಭಾರತಿ ಇಲ್ಲದೆ ಆ ತಂಡಕ್ಕೆ ಬೆನ್ನೆಲುಬೇ ಇರಲಿಲ್ಲ. ಹೇಳಿಲ್ಲ ಎಂದಿದ್ದರೆ ನೀನು ಮತ್ತೆ ಮತ್ತೆ ಫೋನ್ ಮಾಡಿಸುತ್ತಿದ್ದೆ, ಹೇಳಿದ್ದೇನೆ ಎಂದೆ. ನಾನೇ ಮುಚ್ಚಿಟ್ಟೆ ಎಂದಿದ್ದರೆ ಭಾರತಿ ಮತ್ತೆ ಅಂಗಳಕ್ಕೆ ಇಳಿಯುತ್ತಿರಲಿಲ್ಲ, ನಿಮ್ಮವ್ವ ಎಂದೆ. ತಾಯಿಯ ಮೇಲೆ ಮಕ್ಕಳ ಸಿಟ್ಟು ಎಷ್ಟು ದಿನ? ಒಬ್ಬೊಬ್ಬರಿಗೆ ತಾಳಿಕೊಳ್ಳುವಂಥ ಮಾತು ಹೇಳಿದೆ. ಸತ್ತವನು ಹೇಗೂ ಏಳುತ್ತಿರಲಿಲ್ಲ. ಆ ಗೆಲುವಿನಿಂದ ತಂಡದ ಬಡ ಹುಡುಗಿಯರಿಗೆ ಕ್ರೀಡಾ ಕೋಟಾದಲ್ಲಿ ಕಾಲೇಜಿನ ಸೀಟು ಸಿಕ್ಕಿತು. ಅವರ ತಾಯಂದಿರು ನನಗೆ ಕೈ ಮುಗಿಯುತ್ತಾರೆ. ನೀನೊಬ್ಬಳು ಜವಾಬು ಕೇಳುತ್ತೀ. ದೊಡ್ಡ ಕೋಚ್ ಮಾಡಿದ್ದನ್ನೇ ನಾನೂ ಮಾಡಿದೆ. ಆ ಅಧ್ಯಾಯ ಬರೆಯುವಾಗ ನನಗೆ ಹೆಮ್ಮೆಯೇ ಆಯಿತು.

ಗ್ಲೆಬ್ ಕೈ ಹಿಡಿಯಲಿಲ್ಲ. ಪದಕ ತೆಗೆದು ಬೆಂಚಿನ ಮೇಲೆ ಇಟ್ಟು ಹೊರಗೆ ಹೋದ. ಮುಂದೆ ಬೇಗನೆ ಆಟವನ್ನೂ ಬಿಟ್ಟ. ಮುಪ್ಪಿನಲ್ಲಿ ಯಾರೋ ಕೇಳಿದಾಗ, ಕೋಚ್ ಸತ್ತ ದಿನ ತಾನು ಮನೆಯಲ್ಲೇ ಇದ್ದೆ, ಹೋಗಲಿಲ್ಲ ಎಂದನಂತೆ. ಮಕ್ಕಳು ಓದುವ ಪುಸ್ತಕಕ್ಕೆ ಅದೆಲ್ಲ ಯಾಕೆ? ಕೈ ಹಿಡಿದ ಸಾಲು ನಾನು ಸೇರಿಸಿದ್ದು. ಅದರಿಂದ ಅಧ್ಯಾಯಕ್ಕೆ ಕಳೆ ಬಂದಿದೆ.

ಕೊನೆಯ ಅಧ್ಯಾಯ ಇದರ ಜೊತೆಗಿದೆ, ಅದೂ ಒಂಬತ್ತನೆಯದೂ ಈ ವಾರವೇ ಬೇಕು. ದೇವಿಂದ್ರ ಸೋಮವಾರ ಬರುತ್ತಾನೆ.

ಪಂಪಣ್ಣ


ಸುರಪುರ
25 ನವೆಂಬರ್ 2024

ಅಣ್ಣನಿಗೆ,

ನಿನ್ನ ಪತ್ರವನ್ನು ಮೂವರೂ ಕೂತು ಓದಿದೆವು. ಹೆಮ್ಮೆ ಎಂಬ ಶಬ್ದ ಬಂದಾಗ ಭಾರತಿ ಎದ್ದು ಅಂಗಡಿಗೆ ಹೋದಳು. ನನಗೆ ಕಾಗದ ಹಿಡಿದ ಬೆರಳು ತೊಳೆದುಕೊಳ್ಳಬೇಕು ಅನ್ನಿಸಿತು. ನೀನು ಅಂಜಿ ಮುಚ್ಚಿಟ್ಟಿದ್ದರೆ, ಗಡಿಬಿಡಿಯಲ್ಲಿ ಬಾಯಿ ತಪ್ಪಿದ್ದರೆ, ನಾನು ಅಣ್ಣ ಎಂದು ನುಂಗುತ್ತಿದ್ದೆ. ನೀನು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿಕೊಂಡಿದ್ದೀ. ಆ ರಷ್ಯಾದವನ ಕೈಯನ್ನೂ ಎಳೆದು ತಂದು ಅದಕ್ಕೆ ಮುಗಿಸಿದ್ದೀ.

ಹಾಳೆಗಳನ್ನು ತಿರುಗಿ ಕಳಿಸಿದ್ದೇನೆ. ಸಾಫು ಮಾಡಿಲ್ಲ. ಮಾಡುವುದಿಲ್ಲ.

ಬಡ ಹುಡುಗಿಯರ ಮಾತು ಬರೆದಿದ್ದೀ. ಅವರಿಗೆ ಸೀಟು ಸಿಕ್ಕಿದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರನ್ನು ನಮ್ಮ ನಡುವೆ ತಂದು ನಿಲ್ಲಿಸಬೇಡ.

ಒಂದು ದಾರಿ ಇದೆ. ಜನವರಿಯಲ್ಲಿ ಭಾರತಿಯ ಅಪ್ಪನ ವರ್ಷದ ಕಾರ್ಯ. ಕೊಂಕಲ್‌ನ ನಾದಿನಿ ಸಾಯಬಮ್ಮ, ಶಹಾಪುರದವರು, ಓಣಿಯವರು ಎಲ್ಲ ಸೇರುತ್ತಾರೆ. ಭಾರತಿಗೆ ಗುಲಾಲದಾಕಿ ಎಂದು ಹೆಸರಿಟ್ಟವರು ಇವರೇ. ನೀನು ಬಂದು ಅವರ ಮುಂದೆ ಹೇಳು. ಹುಡುಗಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ ಎಂದು. ಅಷ್ಟೇ ಸಾಕು. ಆಮೇಲೆ ತಂಗಿಗೆ ತವರಿನ ಸೀರೆ ಹೊದಿಸು, ನಾನು ತಲೆ ಬಾಗಿ ಹೊದೆಯುತ್ತೇನೆ.

ಕಸ್ತೂರಿ


ಯಾದಗಿರಿ
5 ಜನವರಿ 2025

ತಂಗಿ ಕಸ್ತೂರಿಗೆ,

ನಿನ್ನ ಸಿಟ್ಟು ಇಳಿಯಲಿ ಎಂದು ಇಷ್ಟು ದಿನ ಬರೆಯಲಿಲ್ಲ.

ಅಂಜುಮ್ ಪಕ್ಕದಲ್ಲಿ ಕೂತು ನಾನೇ ಓದಿ ಹೇಳಿ ಉಳಿದದ್ದನ್ನು ಟೈಪು ಮಾಡಿಸಿದೆ. ಬಿಡುಗಡೆ ಭರ್ಜರಿಯಾಯಿತು. ಒಂಬತ್ತನೆಯ ಅಧ್ಯಾಯ ಓದಿದಾಗ ಸಭೆ ಉಸಿರು ಹಿಡಿದು ಕೇಳಿತು. ಭಾರತಿ ಬರಲಿಲ್ಲ. ಪರೀಕ್ಷೆ ಇದೆ ಎಂದು ಹೇಳಿ ಸಂಭಾಳಿಸಿದೆ.

ಒಂದು ಕಟ್ಟು ಪುಸ್ತಕ ದೇವಿಂದ್ರನ ಕೈಯಲ್ಲಿ ಕಳಿಸಿದ್ದೇನೆ. ಮೊದಲ ಪುಟ ನೋಡು, ನೀನು ಎಲ್ಲ ಮರೆಯುತ್ತೀ. "ತಂದೆಯ ಸಾವಿನ ಸುದ್ದಿ ಕೇಳಿಯೂ ಅಂಗಳ ಬಿಡದ ನನ್ನ ಸೊಸೆ, ಯಾದಗಿರಿ ಜಿಲ್ಲೆಯ ಹೆಮ್ಮೆ, ಭಾರತಿಗೆ" ಎಂದು ಅರ್ಪಿಸಿದ್ದೇನೆ. ಊರವರ ಬಾಯಿ ಮುಚ್ಚಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಅವರು ದೂರುವುದನ್ನೇ ನಾನು ಕೀರ್ತಿ ಮಾಡಿ ಕೊಟ್ಟೆ.

ವರ್ಷದ ಕಾರ್ಯಕ್ಕೆ ಬರಲಾಗುವುದಿಲ್ಲ. ಅದೇ ದಿನ ಶಹಾಪುರದಲ್ಲಿ ನನಗೆ ಸನ್ಮಾನ ಇಟ್ಟಿದ್ದಾರೆ, ಕಾರ್ಡು ಹಂಚಿ ಆಗಿದೆ. ಸೀರೆ, ಕುಪ್ಪಸದ ಖಣ ಕಟ್ಟಿನಲ್ಲೇ ಇವೆ. ಯಾರ ಕೈಯಿಂದಾದರೂ ಹೊದಿಸಿಕೊ. ಪುಸ್ತಕಗಳನ್ನು ಬಂದವರಿಗೆ ಹಂಚು.

ಪಂಪಣ್ಣ


ಸುರಪುರ
21 ಜನವರಿ 2025

ಪಂಪಣ್ಣ ಮಾಸ್ತರರಿಗೆ,

ಪುಸ್ತಕದ ಕಟ್ಟು, ಸೀರೆ, ಖಣ ಮೂರನ್ನೂ ದೇವಿಂದ್ರನ ಕೈಯಲ್ಲಿ ತಿರುಗಿ ಕಳಿಸಿದ್ದೇನೆ. ಎಣಿಸಿಕೊಳ್ಳಿ. ಒಂದನ್ನೂ ಯಾರಿಗೂ ಕೊಟ್ಟಿಲ್ಲ. ಮೊದಲ ಪುಟವನ್ನು ಭಾರತಿ ನನಗಿಂತ ಮೊದಲೇ ಓದಿದಳು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಪುಸ್ತಕವನ್ನು ಎರಡು ಬೆರಳಲ್ಲಿ ಎತ್ತಿ ಕಟ್ಟಿನೊಳಗೆ ಇಟ್ಟಳು. ನಿಮ್ಮ ಬಾಯಿಯ ಸುಳ್ಳು ಇಷ್ಟು ದಿನ ನಮ್ಮ ಮನೆಯೊಳಗೆ ಇತ್ತು. ಈಗ ಅಚ್ಚಾಗಿ ಜಿಲ್ಲೆಯೆಲ್ಲ ಹಬ್ಬಿದೆ. ನಿಮಗೆ ಇದು ಕೀರ್ತಿ. ನನಗೆ ಎಂಜಲು.

ಶನಿವಾರ ಕಾರ್ಯ ನಡೆಯಿತು. ಪೂಜೆ ಮುಗಿದು ಹೆಣ್ಣುಮಕ್ಕಳಿಗೆ ತವರಿನವರು ಬಟ್ಟೆ ಹೊದಿಸುವ ಹೊತ್ತಿಗೆ ಸಾಯಬಮ್ಮ ಎಲ್ಲರ ಮುಂದೆ ಕೇಳಿದಳು. "ವೈನಿ, ತವರುಮನಿ ಸೀರಿ ಎಲ್ಲದ? ಮಾಸ್ತರು ಯಾಕ ಬಂದಿಲ್ಲ?"

ಬೇರೆ ದಿನವಾದರೆ ನಾನು ತಲೆ ಬಗ್ಗಿಸಿ ಏನೋ ನೆವ ಹೇಳುತ್ತಿದ್ದೆ. ನಾನು ಮಾತಾಡದವಳು, ನಿಮಗೂ ಗೊತ್ತು. ನಿಮ್ಮ ಎರಡು ಸುಳ್ಳೂ ಆ ನನ್ನ ಮೌನದ ಮೇಲೇ ನಿಂತಿದ್ದವು. ಅಂದು ಎದ್ದು ನಿಂತೆ. ಸೀರೆ ಬಂದದ, ನಾ ಉಡಂಗಿಲ್ಲ ಎಂದೆ. ಯಾಕೆ ಎಂದೂ ಹೇಳಿದೆ. ಫೋನ್ ಮಾಡಿಸಿದ್ದು, ನೀವು ನನಗೆ ಹೇಳಿದ್ದು, ಜೀಪಿನಲ್ಲಿ ಅವಳಿಗೆ ಹೇಳಿದ್ದು, ಒಂದೂ ಬಿಡಲಿಲ್ಲ, ಒಂದೂ ಕೂಡಿಸಲಿಲ್ಲ. ಮಗಳಿಗೆ ಒಂದು ಮಾತು ಕೇಳದೆ ಮುಖ ತಿರುಗಿಸಿದವಳು ನಾನು, ಅದಕ್ಕೆ ಮಾಸ್ತರರನ್ನು ಬೈಯಲಾರೆ ಎಂದೂ ಹೇಳಿದೆ.

ಓಣಿಯ ಒಬ್ಬ ಹಿರಿಯರು, ಹೋಗಲಿ ಬಿಡವ್ವ, ಗಂಡಸರು ಏನೋ ಒಳ್ಳೆಯದಕ್ಕೇ ಮಾಡಿರುತ್ತಾರೆ ಎಂದರು. ಅತ್ತೆ ಕೂತಲ್ಲಿಂದಲೇ, "ಸತ್ತಾಂವ ನನ್ನ ಮಗ. ಒಳ್ಳೇದು ಯಾವುದಂತ ನಾ ಹೇಳ್ತೀನಿ, ನೀ ಕುಂದ್ರೊ" ಎಂದರು. ಅವರು ಕೂತರು.

ಸಾಯಬಮ್ಮ ಭಾರತಿಯ ಎರಡೂ ಕೈ ಹಿಡಿದುಕೊಂಡಳು. ಅಣ್ಣಾ ಎಂದು ಸತ್ತವನನ್ನು ಕರೆದು ಅತ್ತಳು, ಆಮೇಲೆ, "ಎಲ್ಲಾರಿಗಿಂತ ಮೊದ್ಲ ಆಕಿ ಮಣ್ಣ ಹಾಕ್ಲಿ, ನಾವು ಹಿಂದ ಬರ್ತೀವಿ" ಎಂದಳು. ಅಯ್ಯನೋರು ಬೇಡ ಅನ್ನಲಿಲ್ಲ. ಹೊಲಕ್ಕೆ ಹೋದೆವು. ಸಮಾಧಿಗೆ ಇನ್ನೂ ಕಟ್ಟೆ ಕಟ್ಟಿರಲಿಲ್ಲ. ಭಾರತಿ ಬೊಗಸೆಯಲ್ಲಿ ಕರಿಮಣ್ಣು ತೆಗೆದು ಹಾಕಿದಳು. ಮತ್ತೆ ತೆಗೆದಳು, ಮತ್ತೆ ಹಾಕಿದಳು. ಸಾಕು ಎಂದು ಯಾರೂ ಅನ್ನಲಿಲ್ಲ.

ಅವಳು ಆಟ ಬಿಟ್ಟಿಲ್ಲ. ಬಿಡುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಆಟದ ತಪ್ಪೇನದ ಎಂದು ನನ್ನನ್ನೇ ಕೇಳಿದಳು. ಇಲ್ಲಿಯ ಶಾಲೆಯ ಬಯಲಿನಲ್ಲಿ ಸಂಜೆ ಹುಡುಗಿಯರನ್ನು ಸೇರಿಸಿದ್ದಾಳೆ. ಆಟ ನಡೆಯುವಾಗ ಅವರ ಫೋನುಗಳೆಲ್ಲ ನನ್ನ ಅಂಗಡಿಯ ಕಟ್ಟೆಯ ಮೇಲೆ ಇರುತ್ತವೆ. ಯಾರದು ಹೊಡೆದರೂ ನಾನು ಎತ್ತಿ, ಬಯಲಿಗೆ ಹೋಗಿ ಕರೆಯುತ್ತೇನೆ.

ಇನ್ನು ನಿಮ್ಮ ಮಾತು. ನೀವು ಬರುವುದು ಬೇಡ ಎಂದು ಬರೆಯಬೇಕೆಂದು ಕೂತೆ, ಬರೆಯಲಿಲ್ಲ. ಒಂದೇ ತಾಯಿಯ ಹಾಲು ಕುಡಿದವರು, ಬಂದರೆ ತಡೆಯಲಾರೆ. ಆದರೆ ಕರೆಯುವುದೂ ಇಲ್ಲ. ಬಂದರೆ ಬಾಗಿಲಲ್ಲಿ ಭಾರತಿ ಇರುತ್ತಾಳೆ. ಅವಳು ಒಳಗೆ ಬಾ ಎಂದರೆ ಬನ್ನಿ.

ಕಸ್ತೂರಿ